ದೆವ್ವಕ್ಕೆ ಕೊಟ್ಟ ದನಿ

ಹೆಣ್ಣು ನೋಡಲು ಬಂದವರು ‘ಒಂದು ಹಾಡೇಳವ್ವ’ ಅನ್ನದೆ ಎದ್ದು ಹೋಗಿಬಿಟ್ಟಿದ್ದರೆ ಸುಕನ್ಯಳ ಏಳು ತಿಂಗಳ ಸಿಟ್ಟು ನೀರಲ್ಲಿ ಹೋಮ ಮಾಡಿದ ಹಾಗಾಗುತ್ತಿತ್ತು. ಆದರೆ ಕೇಳದೆ ಹೋಗುವ ಜನವೆ? ಉಪ್ಪಿಟ್ಟು ಮುಗಿಯಿತು, ಕಾಫಿ ಬಂತು, ಹುಡುಗಿ ಪಿರಿಯಾಪಟ್ಟಣದಲ್ಲಿ ಡಿಗ್ರಿ ಮುಗಿಸಿದ ಮಾತಾಯಿತು, ಈ ಸಲದ ಹೊಗೆಸೊಪ್ಪಿಗೆ ಮಳೆ ಜಾಸ್ತಿಯಾದ ಮಾತಾಯಿತು. ಆಮೇಲೆ ಹುಡುಗನ ತಾಯಿ ಸುನಂದಮ್ಮ ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟರು. ಬೆಟ್ಟದಪುರದ ಕೆಂಪಯ್ಯನ ಮಗಳ ಕಂಠ ಚೆನ್ನಾಗಿದೆ ಎಂದು ದಲ್ಲಾಳಿ ಜವರಯ್ಯ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನಂತೆ.

ಸುಕನ್ಯ ತಲೆ ಬಗ್ಗಿಸಿಕೊಂಡೇ ರೆಪ್ಪೆಯ ಸಂದಿಯಿಂದ ಹುಡುಗನನ್ನು ನೋಡಿದಳು. ಹೆಸರು ಚೇತನ್‌ಕುಮಾರ್. ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್‌ನವನು. ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತಾನೆ. ಇಷ್ಟು ದಿನ ಮನಸ್ಸಿನಲ್ಲೇ ಇವನನ್ನು ಶಪಿಸುವಾಗ ಅವಳು ಒಂದು ಕಳ್ಳನ ಮುಖವನ್ನು ಕಲ್ಪಿಸಿಕೊಂಡಿದ್ದಳು. ಇಲ್ಲಿ ನೋಡಿದರೆ ನೀಲಿ ಅಂಗಿ, ಸಂಕೋಚದ ಕಣ್ಣು, ಎಡಗೆನ್ನೆಯಲ್ಲಿ ಒಂದು ಗುಳಿ. ಕಳ್ಳನಿಗೆ ಕೆನ್ನೆಗುಳಿ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು.

ಅವಳು ಬಾಯಿ ತೆರೆಯಲಿಲ್ಲ. ಕಣ್ಣು ಮುಚ್ಚಿ ಗುನುಗಿದಳು.

ಮೊದಲು ಮೂರು ನಿಧಾನದ ಸ್ವರ. ಆಮೇಲೆ ಉಸಿರು ಹಿಡಿದು ಕಾಯುವಷ್ಟು ಉದ್ದದ ಮೌನ. ಆಮೇಲೆ ಮೆಟ್ಟಿಲಿಳಿದ ಹಾಗೆ ಒಂದೊಂದಾಗಿ ಕೆಳಗೆ, ಇನ್ನೂ ಕೆಳಗೆ. ಮೈಸೂರು ಜಿಲ್ಲೆಯಲ್ಲಿ ಆ ಗುನುಗು ಗೊತ್ತಿಲ್ಲದವರು ಯಾರು? ಸಂಕ್ರಾಂತಿಗೆ ಬಂದ ‘ಒಂಟಿ ಬ್ಯಾರನ್’ ಸಿನಿಮಾದ ದೆವ್ವದ ಗುನುಗು ಅದು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸುಟ್ಟು ಸತ್ತ ಮದುವಣಗಿತ್ತಿ ಬರುವಾಗಲೆಲ್ಲ ಕೇಳಿಸುವುದು. ಪಡ್ಡೆಗಳ ಫೋನಿಗೆ ಅದೇ ರಿಂಗ್‌ಟೋನ್, ರೀಲ್ಸಿನಲ್ಲೂ ಅದೇ.

ಸುನಂದಮ್ಮನ ಕೈಯ ಕಾಫಿ ಸೀರೆಯ ಮೇಲೆ ಚೆಲ್ಲಿತು. ಜವರಯ್ಯ ಗಂಟಲು ಸರಿಮಾಡಿಕೊಂಡು, ಬೇರೆ ಯಾವುದಾದರೂ ದೇವರ ಪದ ಹೇಳವ್ವ ಎಂದ. ಅಪ್ಪನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಸುಕನ್ಯಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಾಡು ಮುಗಿಸಿ ನೇರವಾಗಿ ಚೇತನ್‌ನ ಮುಖ ನೋಡಿದಳು.

ಅವನು ಲೋಟ ಕೆಳಗಿಟ್ಟು, ಮೊಣಕಾಲಿನ ಮೇಲೆ ಒಂದು ಬೆರಳಲ್ಲಿ ತಾಳ ಹಾಕುತ್ತ ಕೇಳುತ್ತಿದ್ದ.

“ಕೊನೇಲಿ ಇನ್ನೂ ಒಂದು ಇಳಿತ ಇತ್ತು” ಎಂದ. “ಅದನ್ನ ಬಿಟ್ಬುಟ್ರಿ ನೀವು.”

“ಅದನ್ನ ಸಿನಿಮಾದಲ್ಲೇ ಕತ್ತರಿಸಿದ್ದೀರಲ್ಲ.”

ಅವನ ಬೆರಳು ನಿಂತಿತು. ಇವಳ ಮುಖವನ್ನು ನೋಡಿದ, ಗಂಟಲನ್ನು ನೋಡಿದ, ಮತ್ತೆ ಮುಖ ನೋಡಿದ. ಆ ನೋಟದಲ್ಲಿ ನಾಚಿಕೆ ಇರಬೇಕಿತ್ತು. ಇದ್ದದ್ದು ಬೇರೆ. ಕಳೆದುಹೋದ ಎಮ್ಮೆ ತಾನಾಗಿ ಹಟ್ಟಿಗೆ ಬಂದು ನಿಂತಾಗ ರೈತ ನೋಡುವ ನೋಟ ಅದು. ಸುಕನ್ಯಳ ಸಿಟ್ಟು ಇಮ್ಮಡಿಯಾಯಿತು.

ಅವಳ ಸಿಟ್ಟೇನು ಸುಮ್ಮನೆ ಹುಟ್ಟಿದ್ದಲ್ಲ. ಅದೇ ಮನೆಯಲ್ಲಿರುವ ಅವಳ ಸೋದರತ್ತೆ ಪುಟ್ಟಲಕ್ಷ್ಮಿ ಸೋಬಾನೆ ಮೇಳದ ಯಜಮಾನಿ. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಅರಿಸಿನ ಹಚ್ಚುವುದಿರಲಿ, ಹೆಣ್ಣೊಪ್ಪಿಸುವುದಿರಲಿ, ಎಲೆ ಅಡಿಕೆ ಕೊಟ್ಟು ಇವರನ್ನು ಕರೆಯದೆ ಚಪ್ಪರ ಏಳುತ್ತಿರಲಿಲ್ಲ. ಸುಕನ್ಯ ಹತ್ತನೇ ವಯಸ್ಸಿಗೇ ಮೇಳ ಸೇರಿದವಳು. ಅವಳು ಸಾಲು ಹೇಳಿದರೆ ಇಡೀ ಚಪ್ಪರದ ಹೆಂಗಸರು ‘ಸೋ’ ಎಂದು ಸೊಲ್ಲು ಹಿಡಿಯುತ್ತಿದ್ದರು. ಸೋಬಾನೆಯೆಂದರೆ ಅಷ್ಟೇ. ಒಬ್ಬಳು ಹೇಳಬೇಕು, ಮಿಕ್ಕವರು ಸೊಲ್ಲು ಹಿಡಿಯಬೇಕು. ಹಿಡಿಯುವವರಿಲ್ಲದಿದ್ದರೆ ಪದ ಅಲ್ಲೇ ಸಾಯುತ್ತದೆ.

ಹೋದ ವರ್ಷ ಗುರುಪುರದ ಒಂದು ಮದುವೆಯಲ್ಲಿ ಮೈಕು ಹಾಕಿದ್ದರು. ಚಪ್ಪರದ ಹಿಂದೆ ಕೂತು ಸುಕನ್ಯ ಹೆಣ್ಣೊಪ್ಪಿಸುವ ಪದವನ್ನು ಸುಮ್ಮನೆ ಗುನುಗಿಕೊಂಡಿದ್ದಳು. ಆ ಮದುವೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸಲು ಬಂದವನು ಅದನ್ನು ರೆಕಾರ್ಡು ಮಾಡಿಕೊಂಡು ಹೋಗಿದ್ದ. ಇಳಿಸಿ, ಎಳೆದು, ದೆವ್ವದ ಬಾಯಿಗಿಟ್ಟ.

ಸಿನಿಮಾ ಬಂದ ಹತ್ತು ದಿನಕ್ಕೆ ಲಕ್ಷ್ಮಿದೇವಿಯ ಮಗಳ ಮದುವೆ. ಲಕ್ಷ್ಮಿದೇವಿ ಬೇರೆಯವರಲ್ಲ, ಅವ್ವನ ಕಡೆಯ ನೆಂಟರು. ಅರಿಸಿನ ಶಾಸ್ತ್ರದಲ್ಲಿ ಸುಕನ್ಯ ಮೊದಲ ಸಾಲು ಹೇಳಿದಳು. ಯಾರೋ ಹುಡುಗಿ ಕಿಸಕ್ಕೆಂದಳು. ಸೊಲ್ಲು ಬರಲಿಲ್ಲ. ಎರಡನೇ ಸಾಲಿಗೆ ಲಕ್ಷ್ಮಿದೇವಿಯೇ ಎದ್ದು ಬಂದು ಭುಜದ ಮೇಲೆ ಕೈಯಿಟ್ಟು, “ಬ್ಯಾಡ ಬುಡವ್ವ. ಆ ದೆವ್ವದ ದನಿ ನಮ್ಮ ಚಪ್ಪರದಲ್ಲಿ ಬ್ಯಾಡ” ಎಂದರು. ನೂರಾರು ಜನರ ನಡುವೆ ಎದ್ದು ಚಪ್ಪಲಿ ಹುಡುಕಿಕೊಂಡು ಹೊರಟಿದ್ದಳು ಸುಕನ್ಯ. ಆಮೇಲೆ ಏಳು ತಿಂಗಳು ಯಾವ ಮನೆಯವರೂ ಅವಳ ಮೇಳಕ್ಕೆ ಎಲೆ ಅಡಿಕೆ ಕೊಡಲಿಲ್ಲ.

ಹಾಗಿರುವಾಗ ಜವರಯ್ಯ ತಂದ ಜಾತಕದ ಮೇಲೆ, ಸಿನಿಮಾದ ಪರದೆಯಲ್ಲಿ ಕಂಡಿದ್ದ ಅದೇ ಚೇತನ್‌ಕುಮಾರನ ಹೆಸರು. ದೇವರು ಕಣ್ಣು ಬಿಡುವುದೆಂದರೆ ಇದೇ ಅಂದುಕೊಂಡಳು. ಬಂದವರ ಮುಂದೆ ಗುನುಗಿ ಅವಮಾನ ಮಾಡಿ ಕಳಿಸುವುದಷ್ಟೇ ಅವಳ ಲೆಕ್ಕವಾಗಿತ್ತು. ಆದರೆ ಅವನು ಅವಮಾನ ಪಡಲೇ ಇಲ್ಲವಲ್ಲ! ಬದಲಿಗೆ ಇಳಿತ ಬಿಟ್ಟೆ ಎಂದು ತಪ್ಪು ಹಿಡಿದ. ಅಪ್ಪ ಕೈ ಹಿಸುಕಿಕೊಳ್ಳುತ್ತ, ಹುಡುಗಿಯ ಅಭಿಪ್ರಾಯ ಏನೋ ಎಂದು ಕೇಳಿದಾಗ ಅವಳು ನಕ್ಕಳು.

“ನಂಗೆ ಒಪ್ಪಿಗೆ” ಎಂದಳು.

ಮನಸ್ಸಿನಲ್ಲಿ ಇದ್ದದ್ದು ಇಷ್ಟು: ವೀಳ್ಯಶಾಸ್ತ್ರದ ದಿನ, ಎರಡು ಕಡೆಯ ನೆಂಟರೂ ಚಪ್ಪರದಲ್ಲಿ ಕೂತಿರುವಾಗ, ವೀಳ್ಯದ ತಟ್ಟೆ ಮುಂದೆ ಬಂದಾಗ ಬೇಡ ಎನ್ನುವುದು. ಅವನೂ ನೂರಾರು ಜನರ ನಡುವೆ ಚಪ್ಪಲಿ ಹುಡುಕಿಕೊಂಡು ಹೋಗಲಿ.

ಶ್ರಾವಣದ ಕೊನೆಯ ವಾರಕ್ಕೆ ಶಾಸ್ತ್ರ ಗೊತ್ತಾಯಿತು. ನಡುವೆ ಮೂರು ವಾರ. ಅಷ್ಟು ದಿನ ಹುಡುಗ ಫೋನು ಮಾಡಿದರೆ ಎತ್ತದೆ ಇರಲಾದೀತೆ? ಅನುಮಾನ ಬರುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮಾಡುತ್ತಿದ್ದ. ಆ ಹೊತ್ತಿಗೆ ಸುಕನ್ಯ ಮನೆಯ ಮುಂದೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ಕೂತಿರುತ್ತಿದ್ದಳು. ಕೈತುಂಬ ಅಂಟು, ಫೋನು ಭುಜಕ್ಕೂ ಕಿವಿಗೂ ನಡುವೆ.

ಮೊದಲ ದಿನವೇ ಅವನು ಊಟ ಆಯ್ತಾ ಎಂದು ಕೇಳಲಿಲ್ಲ. ದೆವ್ವದ ಸಿನಿಮಾಗಳ ಮ್ಯೂಸಿಕ್ಕಿನಲ್ಲಿ ನಿಮಗೆ ಯಾವುದು ಇಷ್ಟ ಎಂದು ಕೇಳಿದ.

ಇದು ಅನ್ಯಾಯ. ಯಾಕೆಂದರೆ ಸುಕನ್ಯಳ ಇನ್ನೊಂದು ಗುಟ್ಟು ಅದೇ. ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಕೆ.ಆರ್. ನಗರದ ಸೋದರಮಾವನ ಮನೆಗೆ ಹೋದರೆ ಸಿ.ಡಿ. ಹಾಕಿಕೊಂಡು ದಿನಕ್ಕೊಂದು ದೆವ್ವದ ಸಿನಿಮಾ. ಮಿಕ್ಕ ಮಕ್ಕಳೆಲ್ಲ ಹೆದರಿಕೆಗೆ ಕಿವಿ ಮುಚ್ಚಿಕೊಂಡರೆ ಇವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಚೆನ್ನಾಗಿ ಕೇಳಿಸಲಿ ಎಂದು. ಮುಖಗಳೆಲ್ಲ ಮರೆತುಹೋಗಿವೆ, ಆ ರಾಗಗಳು ಮರೆತಿಲ್ಲ.

ಕೋಪದಲ್ಲಿದ್ದೇನೆ ಎಂಬುದನ್ನು ಒಂದು ಗಳಿಗೆ ಮರೆತು ಹೇಳಿಬಿಟ್ಟಳು. ಒಂದರಲ್ಲಿ ಬಾವಿಯ ರಾಟೆ ಕಿರುಗುಟ್ಟುತ್ತದೆ, ಅದರ ಜೊತೆಗೆ ದೂರದಲ್ಲೊಂದು ಕೊಳಲು. ಅದು ತನಗೆ ಪ್ರಾಣ. ವಯಲಿನ್ನನ್ನು ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿಸುವುದು ಬರೀ ಸೋಮಾರಿತನ. ಅವನು ಆ ಕಡೆ ಜೋರಾಗಿ ನಕ್ಕ. ತನಗೆ ಇಷ್ಟವಾದದ್ದು ಹ್ಯಾಂಡ್‌ಪೋಸ್ಟ್‌ನ ಚಹದಂಗಡಿಯ ಕೇರಳದ ಕಾಕ ಹಾಕುತ್ತಿದ್ದ ಒಂದು ಮಲಯಾಳಂ ಸಿನಿಮಾದ್ದು ಎಂದ. ಚಂಡೆ ಎಲ್ಲೋ ಬೆಟ್ಟದಾಚೆ ಬಡಿಯುತ್ತಿರುತ್ತದಂತೆ; ದೆವ್ವ ಬಂದ ಕೂಡಲೇ ಅದು ನಿಂತುಹೋಗುತ್ತದಂತೆ.

“ನಿಲ್ಲೋದೇ ಮ್ಯೂಸಿಕ್ಕು ಕಣ್ರೀ” ಎಂದ. “ಬಡಿಯೋದು ಯಾರು ಬೇಕಾದ್ರೂ ಬಡೀತಾರೆ.”

ಮಾರನೆಯ ದಿನ ಅವಳು ಒಂದು ಗಂಟೆಗೆ ಐದು ನಿಮಿಷ ಇರುವಾಗಲೇ ಕೈ ತೊಳೆದುಕೊಂಡಳು. ಮೂರನೆಯ ದಿನ ಸ್ನಾನ ಮಾಡಿ ತಲೆಗೆ ಹೂ ಮುಡಿದುಕೊಂಡೇ ಸೊಪ್ಪು ಕಟ್ಟಲು ಕೂತಳು. ಫೋನಿನಲ್ಲಿ ಹೂ ಕಾಣುತ್ತದೆಯೆ? ಅವ್ವ ಕೇಳಿದ್ದಕ್ಕೆ ದುಸುಮುಸು ಎಂದಳು. ಸಿಟ್ಟು ಕರಗುತ್ತಿದೆಯೇನೋ ಎನ್ನಿಸಿದಾಗಲೆಲ್ಲ ಲಕ್ಷ್ಮಿದೇವಿಯ ಕೈ ಭುಜದ ಮೇಲೆ ಕೂತ ಭಾರವನ್ನು ನೆನೆಸಿಕೊಳ್ಳುತ್ತಿದ್ದಳು, ಆರುವ ಒಲೆಗೆ ಊದಿದ ಹಾಗೆ. ಮತ್ತೆ ಉರಿಯುತ್ತಿತ್ತು.

ಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ ಅವನು ಸ್ಟುಡಿಯೋಗೆ ಕರೆದ. ಒಂದು ಕೇಳಿಸುವುದಿದೆ ಎಂದ. ಹುಣಸೂರಿಗೆ ಬಳೆ ತರಲು ಹೋಗುತ್ತೇನೆಂದು ಹೇಳಿ ಸುಕನ್ಯ ಬಸ್ಸು ಹತ್ತಿದಳು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದಳು. ಗೊಬ್ಬರದಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆ ಹಳೆಯ ಹಾಸಿಗೆಗಳನ್ನು ಹೊಡೆದಿದ್ದ. ಕೆಳಗಿನ ಸರ್ಕಲ್ಲಿನ ಬಸ್ಸಿನ ಹಾರನ್ನು ಒಳಗೆ ಬಾರದಿರಲಿ ಎಂದು. ಬಂದೇ ಬರುತ್ತಿತ್ತು. ಇದ್ದ ಒಂದೇ ಕುರ್ಚಿಯನ್ನು ಅವಳಿಗೆ ಕೊಟ್ಟು ತಾನು ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತ.

“ನಿಮ್ಮ ದನಿ. ಇಳಿಸ್ದೆ, ಎಳೀದೆ, ಅವತ್ತು ಇದ್ದ ಹಾಗೇ ಇದೆ” ಎಂದ. “ಯಾರಿಗೂ ಕೇಳಿಸಿಲ್ಲ ಇದನ್ನ. ನಾನೊಬ್ಬ ಸಾವಿರ ಸಲ ಕೇಳಿದೀನಿ. ಮುಖ ಕಂಡಿರ್ಲಿಲ್ಲ, ಮೇಳದ ಯಾರೋ ಸಂಸಾರಸ್ಥೆಯ ದನಿ ಅಂದ್ಕೊಂಡಿದ್ದೆ. ನಿಮ್ಮ ಮನೇಲಿ ನೀವು ಗುನುಗಿದಾಗ ನಂಗೆ ಉಸಿರೇ ನಿಂತೋಯ್ತು.”

ಸುಕನ್ಯ ಕಣ್ಣು ಮುಚ್ಚಿಕೊಂಡಳು. ಗುರುಪುರದ ಆ ಮಧ್ಯಾಹ್ನ ಕೇಳಿಸಿತು. ಪಾತ್ರೆಯ ಸದ್ದು, ಎಲ್ಲೋ ನಾಯಿ, ನಡುವೆ ತನ್ನ ದನಿ. ಅದರಲ್ಲಿ ದೆವ್ವ ಇರಲಿಲ್ಲ, ಬೇರೆ ಮನೆಗೆ ಹೋಗುವ ಒಬ್ಬ ಹುಡುಗಿಯ ದುಃಖ ಇತ್ತು. ಆ ಕೊನೆಯ ಇಳಿತವೂ ಇತ್ತು. ಅದು ಮುಗಿದ ಮೇಲೂ ಧ್ವನಿಮುದ್ರಿಕೆ ಓಡುತ್ತಲೇ ಇತ್ತು. ಅವನ ದನಿ ಬಂತು, ಈ ಪದ ಸಿನಿಮಾಕ್ಕೆ ಬಳಸಿಕೊಳ್ಳಲೇ ಅವ್ವ ಎಂದು ಕೇಳುತ್ತಿದ್ದ. ಆಮೇಲೆ ಇನ್ನೊಂದು ದನಿ. ಆ ದನಿಯನ್ನು ಅವಳು ಯಾವ ಲೋಕದಲ್ಲಾದರೂ ಗುರುತಿಸಬಲ್ಲಳು.

“ವೀಳ್ಯ ಇಸ್ಕಂಡಿವ್ನಿ ಅಲ್ವಾ, ತಗಂಡೋಗಪ್ಪ. ಪದ ನಂದೇಯ.”

ಪುಟ್ಟಲಕ್ಷ್ಮಿ ಅತ್ತೆ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಏಳು ತಿಂಗಳು ಇದೇ ಅತ್ತೆ ತನ್ನ ಜೊತೆ ಕೂತು, ಆ ಕಳ್ಳನ ಕೈ ಸೇದಿಹೋಗ ಎಂದು ಶಪಿಸಿದ್ದಳು. ಜನ ತನ್ನ ಮೇಲೆ ಬಿದ್ದಾರೆಂದು ಹೆದರಿ ಬಾಯಿ ಹೊಲಿದುಕೊಂಡಿದ್ದಳು. ಸುಕನ್ಯಳಿಗೆ ಅತ್ತೆಯ ಮೇಲೂ ಸಿಟ್ಟು ಬಂತು, ಇವನ ಮೇಲೂ ಬಂತು, ಇವನ ಮೇಲಿನ ಸಿಟ್ಟಿಗೆ ಇನ್ನು ಪೂರ್ತಿ ಕಾರಣವಿಲ್ಲವಲ್ಲ ಎಂದು ಇನ್ನಷ್ಟು ಬಂತು.

“ಪದ ಅತ್ತೇದು” ಎಂದಳು. “ದನಿ ನಂದು. ನೀವು ವೀಳ್ಯ ಕೊಟ್ಟಿದ್ದು ಪದಕ್ಕೆ. ದನಿಗೆ ಯಾರನ್ನ ಕೇಳಿದ್ರಿ?”

ಆಮೇಲೆ ಎಲ್ಲ ಹೇಳಿದಳು. ಲಕ್ಷ್ಮಿದೇವಿಯ ಚಪ್ಪರ, ಬಾರದ ಸೊಲ್ಲು, ಚಪ್ಪಲಿ ಹುಡುಕಿದ್ದು, ಎಲ್ಲ. ಹೇಳುತ್ತ ಹೇಳುತ್ತ ಅಳು ಬಂತು, ಅಳು ಬಂದಿದ್ದಕ್ಕೆ ನಾಚಿಕೆಯಾಯಿತು. ಮುಗಿದ ಮೇಲೆ ಅವನು, ತನಗೆ ಇದೊಂದೂ ಗೊತ್ತಿರಲಿಲ್ಲ, ಯಜಮಾನಿ ಒಪ್ಪಿದರೆ ಮೇಳ ಒಪ್ಪಿದಂತೆ ಎಂದು ತಿಳಿದದ್ದು ತನ್ನ ತಪ್ಪು ಎಂದ.

“ಆದ್ರೆ ನೀವು ವೀಳ್ಯಶಾಸ್ತ್ರದಲ್ಲಿ ಬೇಡ ಅಂತೀರ ಅನ್ನೋದು ಮೊದ್ಲೇ ಗೊತ್ತಿತ್ತು. ಯಾಕೆ ಅನ್ನೋದು ಮಾತ್ರ ಈಗ ಗೊತ್ತಾಯ್ತು.”

ಸುಕನ್ಯ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

“ದೆವ್ವದ ಸಿನಿಮಾಕ್ಕೆ ಮ್ಯೂಸಿಕ್ ಮಾಡೋನು ಕಣ್ರೀ ನಾನು. ಹೆಣ್ಣು ಅಷ್ಟು ಚೆನ್ನಾಗಿ ನಗ್ತಾ ಬಾಗಿಲು ತೆಗೆದ್ರೆ ಒಳಗೆ ಏನು ಕಾದಿರುತ್ತೆ ಅಂತ ಗೊತ್ತಾಗಲ್ವಾ?” ಕೆನ್ನೆಗುಳಿ ಮೂಡಿ ಮಾಯವಾಯಿತು. “ಒಂದೇ ಕೇಳ್ತೀನಿ. ಫೋನಲ್ಲಿ ಬೇಡ ಅನ್ಬೇಡಿ. ನಿಮ್ಮನ್ನ ಎಲ್ಲರ ಮುಂದೆ ಎಬ್ಬಿಸಿ ಕಳಿಸಿದ್ರು. ನನ್ನನ್ನೂ ಎಲ್ಲರ ಮುಂದೇನೇ ಕಳಿಸಿ. ಬತ್ತೀನಿ ನಾನು.”

ಅವಳು ಎದ್ದು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಹುಣಸೂರು ದಾಟುವವರೆಗೂ ಅವನನ್ನು ಬೈದುಕೊಂಡಳು. ಅವಳ ಸೇಡನ್ನು ಅವಳ ಕೈಯಿಂದಲೇ ಕಿತ್ತುಕೊಂಡು, ಒರೆಸಿ, ಮತ್ತೆ ಅವಳಿಗೇ ಕೊಟ್ಟಿದ್ದ. ಹೇಗೆ ಹಿಡಿಯಬೇಕೆಂದೇ ತಿಳಿಯದಾಗಿತ್ತು. ಬಳೆ ತರುವುದನ್ನು ಮರೆತೇ ಬಂದಿದ್ದಳು.

ಮನೆಗೆ ಬಂದು ಅತ್ತೆಯನ್ನು ಕೇಳಲಿಲ್ಲ. ಸುಮ್ಮನೆ ದುರುಗುಟ್ಟಿ ನೋಡಿದಳು. ಪುಟ್ಟಲಕ್ಷ್ಮಿ ಅಂದಿನಿಂದ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕು ದಿನ ಒಂದು ಗಂಟೆಗೆ ಫೋನೂ ಬರಲಿಲ್ಲ. ಬರಬಾರದು ಎಂದು ಅವಳೇ ಅಂದುಕೊಂಡಿದ್ದಳು. ಆದರೂ ಒಂದು ಗಂಟೆಗೆ ಕೈ ತೊಳೆದುಕೊಳ್ಳುತ್ತಿದ್ದಳು.

ವೀಳ್ಯಶಾಸ್ತ್ರದ ಬೆಳಿಗ್ಗೆ ಮನೆಯ ಮುಂದಿನ ಚಪ್ಪರ ತುಂಬಿತ್ತು. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಜಮಖಾನದ ಮೇಲೆ ಹೆಂಗಸರು. ಮೊದಲ ಸಾಲಿನಲ್ಲೇ ಲಕ್ಷ್ಮಿದೇವಿ, ಏನೂ ಆಗಿಲ್ಲವೆಂಬಂತೆ. ಸುನಂದಮ್ಮ ಎಲೆ, ಅಡಿಕೆ, ಹೂ, ತೆಂಗಿನಕಾಯಿ ಇಟ್ಟ ತಟ್ಟೆಯನ್ನು ಮುಂದೆ ಹಿಡಿದರು. ಚೇತನ್ ಬಿಳಿ ಪಂಚೆಯಲ್ಲಿ ತಲೆ ಎತ್ತಿ ನಿಂತಿದ್ದ, ಶಿಕ್ಷೆ ಕೇಳಲು ಬಂದವನ ಹಾಗೆ ನೆಟ್ಟಗೆ.

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಲಕ್ಷ್ಮಿದೇವಿಯ ಮುಖ ಕಂಡಾಗ ಸುಕನ್ಯಳಿಗೆ ಹೊಳೆಯಿತು: ಇವನನ್ನು ಕಳಿಸಿದರೆ ಇವನೊಬ್ಬ ಹೋಗುತ್ತಾನೆ, ತನ್ನ ದನಿ ಮಾತ್ರ ಚಪ್ಪರದ ಆಚೆಯೇ ಉಳಿಯುತ್ತದೆ.

“ವೀಳ್ಯ ಮುಟ್ಟೋಕೆ ಮುಂಚೆ ನಂದೊಂದು ಪದ ಐತೆ” ಎಂದಳು.

ಮದುವಣಗಿತ್ತಿ ತನ್ನ ಶಾಸ್ತ್ರದಲ್ಲಿ ತಾನೇ ಪದ ಹೇಳುವುದುಂಟೆ? ಹಿರಿಯರು ಮುಖ ಮುಖ ನೋಡಿಕೊಂಡರು. ಅವಳು ಯಾರನ್ನೂ ಕಾಯಲಿಲ್ಲ. ಹೆಣ್ಣೊಪ್ಪಿಸುವ ಪದವನ್ನೇ ಎತ್ತಿಕೊಂಡಳು, ಈ ಸಲ ಮಾತಿನ ಸಮೇತ.

“ಹಟ್ಟೀಲಿ ಕರ ಕೂಗಿದ್ರೆ ತಿರುಗಿ ನೋಡಬ್ಯಾಡ ಮಗಳೆ…”

ಸಾಲು ಮುಗಿಸಿ ನಿಂತಳು. ಸೊಲ್ಲು ಬರಬೇಕಾದ ಜಾಗ. ಹೆಂಗಸರು ಸೆರಗಿನ ಅಂಚು ನೋಡುತ್ತಿದ್ದರು. ಅತ್ತೆಯ ಬಾಯಿ ತೆರೆದು ಮುಚ್ಚಿಕೊಂಡಿತು. ಎರಡನೇ ಸಾಲು ಹೇಳಿದಳು. ಚಪ್ಪರದ ತೆಂಗಿನ ಗರಿ ಗಾಳಿಗೆ ಅಲುಗಿದ್ದು ಕೇಳಿಸಿತು. ಅದೇ ಮೌನ, ಅದೇ ಜನ.

“ಸೋ…”

ಬಂದದ್ದು ಗಂಡಸರ ಕಡೆಯಿಂದ. ಶ್ರುತಿಯಿಲ್ಲ, ಲಯವಿಲ್ಲ, ಒಡಕು ಹಾರ್ಮೋನಿಯಂ ಒತ್ತಿದ ಹಾಗೆ. ಇಡೀ ಸೀಮೆಯನ್ನು ಸಂಗೀತದಲ್ಲಿ ಹೆದರಿಸಿದವನ ಕಂಠ ಅಷ್ಟು ಕೆಟ್ಟದ್ದೆಂದು ಯಾರಿಗೆ ಗೊತ್ತಿತ್ತು! ಗಂಡಸು ಸೋಬಾನೆಗೆ ಸೊಲ್ಲು ಹಿಡಿದದ್ದನ್ನು ಬೆಟ್ಟದಪುರದಲ್ಲಿ ಯಾರೂ ಕಂಡವರಲ್ಲ. ಹಿಂದೆ ಯಾರೋ ನಕ್ಕರು. ಅವನ ಕಿವಿ ಕೆಂಪಾಯಿತು. ಮೂರನೇ ಸಾಲಿಗೆ ಇನ್ನೂ ಜೋರಾಗಿ ಹಿಡಿದ.

ಪುಟ್ಟಲಕ್ಷ್ಮಿಯ ಕಟ್ಟೆ ಒಡೆಯಿತು. ವೀಳ್ಯ ಇಸಿದುಕೊಂಡು ಪದ ಕೊಟ್ಟವಳು ತಾನು, ಹುಡುಗಿಯದೇನೂ ತಪ್ಪಿಲ್ಲ ಎಂದು ಎಲ್ಲರ ಮುಂದೆ ಎದೆ ಬಡಿದುಕೊಂಡು ಹೇಳಿ, ಅಳುತ್ತಲೇ ಸೊಲ್ಲಿಗೆ ಸೇರಿಕೊಂಡಳು. ಆಮೇಲೆ ಮೇಳದ ಹೆಂಗಸರು. ಆಮೇಲೆ ಸುನಂದಮ್ಮ, ತಟ್ಟೆ ಹಿಡಿದುಕೊಂಡೇ. ಒಬ್ಬರಾದ ಮೇಲೆ ಒಬ್ಬರು ಸೇರಿ ಕೊನೆಗೆ ಬಾಯಿ ಮುಚ್ಚಿಕೊಂಡಿದ್ದವರು ಲಕ್ಷ್ಮಿದೇವಿ ಒಬ್ಬರೇ. ಸುಕನ್ಯ ಅವರ ಮುಂದೆ ಹೋಗಿ ನಿಂತು ಮುಂದಿನ ಸಾಲು ಹೇಳಿದಳು. ಲಕ್ಷ್ಮಿದೇವಿ ನೆಲ ನೋಡುತ್ತ ಸೋ ಎಂದರು. ಪದ ಅಲ್ಲಿಗೆ ಮುಗಿಯಬೇಕಿತ್ತು. ಸುಕನ್ಯ ಮುಗಿಸಲಿಲ್ಲ. ಕೈಯಿಂದ ಕಟ್ಟಿ ಇನ್ನೂ ಒಂಬತ್ತು ಸಾಲು ಸೇರಿಸಿ, ಒಂಬತ್ತಕ್ಕೂ ಅವರ ಬಾಯಿಂದ ಸೊಲ್ಲು ಹೊರಡಿಸಿದಳು. ಅಷ್ಟು ಹಿತವಾಗಿ ಅವಳೆಂದೂ ಹಾಡಿರಲಿಲ್ಲ.

ಪದ ನಿಂತ ಮೇಲೆ ಚೇತನ್ ತಟ್ಟೆಯಿಂದ ಎರಡೇ ಎಲೆ, ಒಂದು ಅಡಿಕೆ ಎತ್ತಿಕೊಂಡು ಅವಳ ಮುಂದೆ ಬಂದ. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

“ನಿಮ್ಮ ದನೀನ ಕೇಳ್ದೆ ತಗೊಂಡೆ. ಆ ದೆವ್ವ ಮಾಡಿದ್ದು ನಾನು, ನೀವಲ್ಲ. ತಪ್ಪಾಯ್ತು.”

ಎಲ್ಲರೂ ಕೇಳಿಸಿಕೊಂಡರು. ಸುಕನ್ಯ ಆ ಎಲೆ ಅಡಿಕೆ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡಳು. ಆದರೆ ಸುನಂದಮ್ಮನ ಕೈಯಲ್ಲಿದ್ದ ತಟ್ಟೆಯನ್ನು ಮುಟ್ಟಲಿಲ್ಲ.

“ಇದು ದನಿಗಾಯ್ತು” ಎಂದಳು. “ನನ್ನನ್ನ ಏಳು ತಿಂಗಳು ಯಾರೂ ಕರೀಲಿಲ್ಲ. ನೀವೂ ಏಳು ತಿಂಗಳು ಕಾಯ್ಬೇಕು. ಊಟ ಮಾಡ್ಕೊಂಡು ಹೋಗಿ, ಆಮೇಲೆ ಬನ್ನಿ.”

ಚಪ್ಪರದಲ್ಲಿ ಗುಸುಗುಸು ಎದ್ದಿತು. ಅಪ್ಪ ತಲೆಯ ಮೇಲೆ ಕೈ ಹೊತ್ತ. ಜವರಯ್ಯ, ನಡುವೆ ಧನುರ್ಮಾಸ ಬರುತ್ತದೆ ಎಂದು ಏನೋ ಚೌಕಾಸಿ ಶುರುಮಾಡಿದ.

ಚೇತನ್ ಚೌಕಾಸಿ ಮಾಡಲಿಲ್ಲ. “ಆಗ್ಲಿ, ಬತ್ತೀನಿ” ಎಂದ. ಕೈ ಮುಗಿದು, ಚಪ್ಪರದ ಅಂಚಿಗೆ ಹೋಗಿ, ರಾಶಿಬಿದ್ದ ಜೋಡುಗಳ ನಡುವೆ ತನ್ನ ಚಪ್ಪಲಿಯನ್ನು ಹುಡುಕತೊಡಗಿದ.

ಇದನ್ನೇ ಅಲ್ಲವೆ ಅವಳು ನೋಡಬೇಕೆಂದಿದ್ದು? ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆದಿತ್ತು. ಬಗ್ಗಿದ ಆ ಬೆನ್ನನ್ನು ನೋಡುತ್ತ ಸುಕನ್ಯ ಹುಡುಕಿದಳು, ಸಿಟ್ಟು ಎಲ್ಲೂ ಇರಲಿಲ್ಲ. ಇದ್ದದ್ದು ಏಳು ತಿಂಗಳ ಮಧ್ಯಾಹ್ನಗಳು. ದಿನವೂ ಒಂದು ಗಂಟೆ ಆಗುತ್ತದೆ, ದಿನವೂ ಕೈ ತೊಳೆದುಕೊಳ್ಳಬೇಕು.

“ನಿಂತ್ಕಳಿ” ಎಂದಳು.

ಅವನು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ತಿರುಗಿದ.

“ಹುಣಸೂರಿನ ಟಾಕೀಸಲ್ಲಿ ನಿಮ್ಮ ಸಿನಿಮಾ ನೋಡಿದಾಗ, ಅದು ನನ್ನ ದನಿ ಅಂತ ಗೊತ್ತಾಗೋಕೆ ಮುಂಚೆ, ಇಷ್ಟು ಚೆನ್ನಾಗಿರೋ ದೆವ್ವದ ಮ್ಯೂಸಿಕ್ಕು ಎಲ್ಲೂ ಕೇಳಿಲ್ಲ ಅಂದ್ಕೊಂಡಿದ್ದೆ. ಮಾಡಿದವನು ಯಾರೋ, ನೋಡ್ಬೇಕು ಅಂದ್ಕೊಂಡಿದ್ದೆ.” ಅಷ್ಟೂ ಜನರ ಮುಂದೆ ಬಿಡದೆ ಹೇಳಿದಳು. “ಏಳು ತಿಂಗಳು ಕಾಯೋಕೆ ನಿಮಗಾಗುತ್ತೇನೋ. ನಂಗಾಗಲ್ಲ.”

ಸುನಂದಮ್ಮನ ಕೈಯಿಂದ ತಟ್ಟೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಚೇತನ್ ಒಂದೇ ಕಾಲಿನ ಚಪ್ಪಲಿಯಲ್ಲೇ ಜಮಖಾನ ದಾಟಿ ಬಂದ. ಬಿಟ್ಟು ಬಾರೋ ಎಂದು ಅವನ ತಾಯಿ ಗದರಿದ್ದು ಅವನಿಗೆ ಕೇಳಿಸಲಿಲ್ಲ.